ಮನೆಯ ಫೈರ್‌ವಾಲ್‌ಗೆ ಹೊಸ ಫರ್ಮ್‌ವೇರ್ ಹಾಕುವ ಮುನ್ನ

ಮನೆಯ ಜಾಲಕ್ಕೂ ಹೊರಗಿನ ಇಂಟರ್ನೆಟ್‌ಗೂ ನಡುವೆ ಕಾವಲು ನಿಲ್ಲುವ ಸಾಧನ ಫೈರ್‌ವಾಲ್. ಒಳಗಿನವರು ಕೇಳಿದ್ದನ್ನು ಒಳಗೆ ಬಿಡುವುದು, ಯಾರೂ ಕೇಳದೆ ಹೊರಗಿನಿಂದ ಬಂದು ತಟ್ಟುವ ಸಂಪರ್ಕವನ್ನು ತಡೆಯುವುದು ಅದರ ಮುಖ್ಯ ಕೆಲಸ. ಬಹುಪಾಲು ಮನೆಗಳಲ್ಲಿ ಅದು ಪ್ರತ್ಯೇಕ ಪೆಟ್ಟಿಗೆಯಾಗಿ ಇರುವುದಿಲ್ಲ, ವೈ-ಫೈ ರೂಟರಿನೊಳಗೇ ಸೇರಿಕೊಂಡಿರುತ್ತದೆ. ಜಾಲದ ಕೆಲಸದಲ್ಲಿ ಆಸಕ್ತಿ ಇರುವವರು ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಹಾಕಿದ ಪುಟ್ಟ ಕಂಪ್ಯೂಟರನ್ನೋ, ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ತುಂಬಿದ ರೂಟರನ್ನೋ ಇಟ್ಟುಕೊಳ್ಳುತ್ತಾರೆ. ಯಾವುದಾದರೂ ಸರಿ, ಒಳಗಿರುವುದು ಪ್ರೊಸೆಸರ್, ರ‍್ಯಾಮ್ ಮತ್ತು ಶಾಶ್ವತ ನೆನಪಿನ ಒಂದು ಚಿಪ್. ಆ ನೆನಪಿನಲ್ಲಿ ಕೂತು ಇಡೀ ಸಾಧನವನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್.

ಫೋನು, ಲ್ಯಾಪ್‌ಟಾಪುಗಳು ಅಪ್‌ಡೇಟ್ ಬೇಕೆಂದು ತಾವೇ ನೆನಪಿಸುತ್ತವೆ. ರೂಟರಿಗೆ ಪರದೆ ಇಲ್ಲ. ಟಿವಿ ಕಪಾಟಿನ ಹಿಂದೆ, ಅಟ್ಟದ ಮೇಲೆ ವರ್ಷಗಟ್ಟಲೆ ದೀಪ ಮಿಟುಕಿಸುತ್ತ ಕೂತಿರುತ್ತದೆ. ಅದರ ತಂತ್ರಾಂಶ ಹಳತಾಗಿದೆ ಎಂಬುದು ಮನೆಯವರ ಅರಿವಿಗೆ ಬರುವುದೇ ಇಲ್ಲ. 2014ರ ಡಿಸೆಂಬರ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಬಯಲಿಗೆ ತಂದ ಒಂದು ದೋಷ ಇದನ್ನು ಚೆನ್ನಾಗಿ ತೋರಿಸಿತು. ರಾಮ್‌ಪೇಜರ್ ಎಂಬ ಪುಟ್ಟ ವೆಬ್ ಸರ್ವರ್ ತಂತ್ರಾಂಶದಲ್ಲಿದ್ದ ಆ ಬಿರುಕನ್ನು ಅದನ್ನು ಬರೆದ ಕಂಪನಿ 2005ರಲ್ಲೇ ಮುಚ್ಚಿತ್ತು. ಆದರೆ ಆ ತಿದ್ದುಪಡಿ ರೂಟರ್ ತಯಾರಕರನ್ನು ದಾಟಿ ಮನೆಗಳನ್ನು ಮುಟ್ಟಲೇ ಇಲ್ಲ. ಒಂಬತ್ತು ವರ್ಷಗಳ ನಂತರವೂ ಸುಮಾರು 1.2 ಕೋಟಿ ಸಾಧನಗಳಲ್ಲಿ ಅದೇ ಬಿರುಕು ತೆರೆದುಕೊಂಡಿತ್ತು. 2018ರ ಮೇ ತಿಂಗಳಲ್ಲಿ ಪತ್ತೆಯಾದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಹೊಕ್ಕಿತ್ತು. ಅವುಗಳಲ್ಲಿ ಬಹುತೇಕ ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳೇ. ರೂಟರನ್ನು ಆರಿಸಿ ಹಚ್ಚಿದರೆ ಆ ದುಷ್ಟ ತಂತ್ರಾಂಶದ ಒಂದು ಭಾಗ ಅಳಿಯುತ್ತಿತ್ತು. ಮೊದಲ ಹಂತದ ಬೇರು ಮಾತ್ರ ಒಳಗೇ ಉಳಿಯುತ್ತಿತ್ತು.

ಕರ್ನಾಟಕಕ್ಕೂ ಈ ಬಗೆಯ ಅನುಭವ ಇದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿ ಸಂಪರ್ಕ ಕಳೆದುಕೊಂಡವು. ರಾಜ್ಯದ ಗ್ರಾಹಕರೂ ಅದರ ಬಿಸಿ ಅನುಭವಿಸಿದರು. ಅಲ್ಲಿ ಒಳನುಸುಳಲು ದಾರಿಯಾದದ್ದು ಕಾರ್ಖಾನೆಯಿಂದ ಬಂದಾಗಿನಿಂದ ಯಾರೂ ಬದಲಿಸದೆ ಬಿಟ್ಟ ಪಾಸ್‌ವರ್ಡ್. ಎಷ್ಟೇ ಹೊಸ ಫರ್ಮ್‌ವೇರ್ ಹಾಕಿದರೂ ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಹಾಗೇ ಉಳಿದರೆ ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ.

ಅಪ್‌ಗ್ರೇಡ್ ಬೇಕು ಎನ್ನುವುದರಲ್ಲಿ ಹಾಗಾಗಿ ಸಂದೇಹವಿಲ್ಲ. ಆದರೂ ತಿಳಿದವರು ಅದನ್ನು ಮುಂದೂಡುವುದು ಭಯದಿಂದ, ಮತ್ತು ಆ ಭಯ ನಿರಾಧಾರವಲ್ಲ. ಶಾಶ್ವತ ನೆನಪಿನ ಆ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದದ್ದರ ಮೇಲೆ ನೇರವಾಗಿ ಬರೆಯಲಾಗದು. ಮೊದಲು ಒಂದು ಇಡೀ ತುಂಡನ್ನು ಅಳಿಸಬೇಕು, ಆಮೇಲೆ ಹೊಸತನ್ನು ಬರೆಯಬೇಕು. ಹೀಗೆ ತುಂಡು ತುಂಡಾಗಿ ಹಳೆಯದು ಅಳಿದು ಹೊಸದು ಬರುವ ಒಂದೆರಡು ನಿಮಿಷ ಆ ಚಿಪ್ಪಿನಲ್ಲಿ ಇರುವುದು ಅರ್ಧ ಹಳೆಯ, ಅರ್ಧ ಹೊಸ ತಂತ್ರಾಂಶ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಸಾಧನ ಮತ್ತೆ ಏಳದೆ ಹೋಗಬಹುದು. ಇದನ್ನೇ ಈ ಕೆಲಸ ಬಲ್ಲವರು ‘ಬ್ರಿಕ್’ ಆಯಿತು, ಅಂದರೆ ಇಟ್ಟಿಗೆಯಾಯಿತು ಎನ್ನುತ್ತಾರೆ. ಸಮಾಧಾನದ ಸಂಗತಿಯೂ ಒಂದಿದೆ. ಸಾಧನಕ್ಕೆ ಜೀವ ಬಂದೊಡನೆ ಮೊದಲು ಓಡುವ ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶ ಸಾಮಾನ್ಯವಾಗಿ ಬೇರೆ ಜಾಗದಲ್ಲಿರುತ್ತದೆ. ಮಾಮೂಲಿ ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ. ಅದು ಉಳಿದಿದ್ದರೆ ಸಾಧನವನ್ನು ಬದುಕಿಸುವ ದಾರಿಯೂ ಉಳಿದಿರುತ್ತದೆ. ಸುರಕ್ಷಿತ ಅಪ್‌ಗ್ರೇಡ್ ಎಂದರೆ ಈ ಮರಳುವ ದಾರಿಯನ್ನು ಬಟನ್ ಒತ್ತುವ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು.

ಮೊದಲು ತಿಳಿಯಬೇಕಾದದ್ದು ಪೆಟ್ಟಿಗೆ ಯಾರದ್ದು ಎಂಬುದು. ಫೈಬರ್ ಸಂಪರ್ಕದ ಜೊತೆ ಕಂಪನಿಯವರೇ ಕೊಟ್ಟ ಒಎನ್‌ಟಿ ಪೆಟ್ಟಿಗೆಯಾಗಿದ್ದರೆ ಅದರ ಫರ್ಮ್‌ವೇರನ್ನು ಮನೆಯವರು ಬದಲಿಸಲು ಹೋಗಬಾರದು. ಅದು ಕಂಪನಿಯ ಜಾಲದಲ್ಲಿ ತನ್ನದೇ ಗುರುತಿನ ಸಂಖ್ಯೆಯೊಂದಿಗೆ ನೋಂದಣಿಯಾಗಿರುತ್ತದೆ. ಟಿಆರ್-069 ಎಂಬ ವ್ಯವಸ್ಥೆಯ ಮೂಲಕ ಕಂಪನಿಯೇ ದೂರದಿಂದ ಅದನ್ನು ನವೀಕರಿಸಬಲ್ಲದು. ಅಲ್ಲಿ ಗ್ರಾಹಕರು ಮಾಡಬೇಕಾದದ್ದು ಪಾಸ್‌ವರ್ಡ್ ಬದಲಿಸುವುದು ಮತ್ತು ಪೆಟ್ಟಿಗೆ ತೀರಾ ಹಳೆಯದಾಗಿದ್ದರೆ ಬದಲಿಸಿಕೊಡುವಂತೆ ಕೇಳುವುದು, ಇಷ್ಟೇ. ಸ್ವಂತ ಹಣದಲ್ಲಿ ಕೊಂಡ ರೂಟರ್ ಅಥವಾ ಫೈರ್‌ವಾಲ್‌ನ ಹೊಣೆ ಮಾತ್ರ ಕೊಂಡವರದೇ.

ಪೆಟ್ಟಿಗೆಯ ಬುಡವನ್ನು ತಿರುಗಿಸಿ ಅಲ್ಲಿನ ಚೀಟಿ ಓದುವುದು ಮುಂದಿನ ಕೆಲಸ. ಮಾದರಿಯ ಹೆಸರಷ್ಟೇ ಸಾಲದು, ಹಾರ್ಡ್‌ವೇರ್ ಆವೃತ್ತಿಯೂ ಬೇಕು. ಟಿಪಿ-ಲಿಂಕ್‌ನ ಆರ್ಚರ್ ಸಿ7 ಎಂಬ ಒಂದೇ ಹೆಸರಿನಲ್ಲಿ ಹಲವು ಆವೃತ್ತಿಗಳು ಬಂದಿವೆ. ಎರಡನೆಯದರ ಫರ್ಮ್‌ವೇರ್ ಐದನೆಯದಕ್ಕೆ ಹೊಂದುವುದಿಲ್ಲ. ದೇಶವಾರು ಫರ್ಮ್‌ವೇರ್‌ಗಳೂ ಬೇರೆ ಬೇರೆ ಇರುತ್ತವೆ, ಏಕೆಂದರೆ ವೈ-ಫೈ ಬಳಸಬಹುದಾದ ಚಾನೆಲ್‌ಗಳು ಎಲ್ಲ ಕಡೆ ಒಂದೇ ಅಲ್ಲ. ಕಡತವನ್ನು ತಯಾರಕರ ತಾಣದಿಂದಲೇ, ಸರಿಯಾದ ಆವೃತ್ತಿ ಮತ್ತು ದೇಶವನ್ನು ಆರಿಸಿ ಇಳಿಸಿಕೊಳ್ಳಬೇಕು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಒಂದೇ ಸಾಧನಕ್ಕೆ ಎರಡು ಬಗೆಯ ಕಡತಗಳು ಸಿಗುವುದುಂಟು. ತಯಾರಕರ ಮೂಲ ಫರ್ಮ್‌ವೇರ್‌ನಿಂದ ಮೊದಲ ಸಲ ಬದಲಾಗುವಾಗ ಬಳಸುವುದು ‘ಫ್ಯಾಕ್ಟರಿ’, ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಇದ್ದಾಗ ಬಳಸುವುದು ‘ಸಿಸ್‌ಅಪ್‌ಗ್ರೇಡ್’.

ಇಳಿಸಿದ ಕಡತ ಪೂರ್ತಿ ಬಂದಿದೆಯೇ ಎಂದು ನೋಡಲು ಶಾ-256 ಎಂಬ ಲೆಕ್ಕಾಚಾರ ಇದೆ. ಕಡತ ಎಷ್ಟೇ ದೊಡ್ಡದಿರಲಿ, ಈ ಲೆಕ್ಕಾಚಾರ ಅದನ್ನು 64 ಅಕ್ಷರ-ಅಂಕಿಗಳ ಒಂದು ಬೆರಳಚ್ಚಿಗೆ ಇಳಿಸುತ್ತದೆ. ಕಡತದ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರಾ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶದಿಂದ ಇದನ್ನು ತೆಗೆದು ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಬಹುದು. ಆದರೆ ಇದರಿಂದ ಖಾತ್ರಿಯಾಗುವುದು ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂಬುದಷ್ಟೇ. ಕಡತ ನಿಜವಾಗಿ ತಯಾರಕರದ್ದೇ ಎಂದು ಹೇಳುವುದು ಡಿಜಿಟಲ್ ಸಹಿ. ಅನೇಕ ಸಾಧನಗಳು ಅದನ್ನು ತಾವೇ ಪರಿಶೀಲಿಸಿ, ಹೊಂದದ ಕಡತವನ್ನು ತಿರಸ್ಕರಿಸುತ್ತವೆ.

ಕಡತದ ಜೊತೆ ಬರುವ ಬಿಡುಗಡೆ ಟಿಪ್ಪಣಿಯನ್ನು ಹೆಚ್ಚಿನವರು ಓದುವುದಿಲ್ಲ. ಓದಬೇಕು, ಅದರಲ್ಲೂ ತಮ್ಮದೇ ನಿಯಮಗಳನ್ನು ಬರೆದುಕೊಂಡವರು ಓದಲೇಬೇಕು. ಓಪನ್‌ಡಬ್ಲ್ಯುಆರ್‌ಟಿಯ 21.02 ಆವೃತ್ತಿಯಲ್ಲಿ ಹಲವು ಸಾಧನಗಳ ಪೋರ್ಟುಗಳನ್ನು ನಿಭಾಯಿಸುವ ಕ್ರಮವೇ ಬದಲಾಯಿತು. ಅಂಥ ಸಾಧನಗಳಲ್ಲಿ ಹಳೆಯ ಸೆಟ್ಟಿಂಗ್‌ಗಳನ್ನು ಉಳಿಸಿಕೊಂಡು ಮೇಲೇರಲು ಆಗುತ್ತಿರಲಿಲ್ಲ, ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಿತ್ತು. 2022ರಲ್ಲಿ ಬಂದ 22.03 ಆವೃತ್ತಿ ಫೈರ್‌ವಾಲ್‌ನ ಒಳಯಂತ್ರವನ್ನೇ ಐಪಿಟೇಬಲ್ಸ್‌ನಿಂದ ಎನ್‌ಎಫ್‌ಟೇಬಲ್ಸ್‌ಗೆ ಬದಲಿಸಿತು. ಮಾಮೂಲಿ ನಿಯಮಗಳು ತಾವಾಗಿಯೇ ದಾಟಿದವು, ಕೈಯಾರೆ ಬರೆದ ಐಪಿಟೇಬಲ್ಸ್ ಸಾಲುಗಳು ಹಾಗೆ ದಾಟಲಿಲ್ಲ. ಹೀಗಾದಾಗ ಇಂಟರ್ನೆಟ್ ಎಂದಿನಂತೆ ಬರುತ್ತಿದ್ದರೂ ಒಂದು ತಡೆ ಮಾತ್ರ ಸದ್ದಿಲ್ಲದೆ ಬಿದ್ದುಹೋಗಿರುತ್ತದೆ. ಫೈರ್‌ವಾಲ್ ಅಪ್‌ಗ್ರೇಡಿನಲ್ಲಿ ಇಟ್ಟಿಗೆಯಾಗುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಇಟ್ಟಿಗೆಯಾದದ್ದು ಕಣ್ಣಿಗೆ ಕಾಣುತ್ತದೆ.

ಸಾಧನದ ಹೊಂದಿಕೆಗಳ ಬ್ಯಾಕಪ್ ತೆಗೆಯುವುದು ಒಂದು ನಿಮಿಷದ ಕೆಲಸ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್‌ಗಳಲ್ಲಿ ಎಲ್ಲವೂ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ಇರುತ್ತದೆ. ಆ ಬ್ಯಾಕಪ್‌ನಲ್ಲಿ ಇಂಟರ್ನೆಟ್ ಸಂಪರ್ಕದ ಲಾಗಿನ್, ವಿಪಿಎನ್ ಕೀಲಿಗಳಂಥ ಗುಟ್ಟುಗಳೂ ಇರುವುದರಿಂದ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂತಿಲ್ಲ. ಪಾಸ್‌ವರ್ಡ್ ಹಾಕಿ ಭದ್ರಪಡಿಸುವ ಆಯ್ಕೆ ಇದ್ದರೆ ಬಳಸಬೇಕು. ಇದರ ಜೊತೆಗೆ ಇಂಟರ್ನೆಟ್ ಲಾಗಿನ್‌ಗೆ ಬೇಕಾದ ಪಿಪಿಪಿಒಇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡುವುದು ಮೇಲು. ಭಾನುವಾರ ಸಂಜೆ ರೂಟರ್ ಬರಿದಾಗಿ ಕೂತಾಗ ಆ ಎರಡು ಸಾಲುಗಳಿಗಾಗಿ ಲೈನ್‌ಮನ್ ಫೋನ್ ಎತ್ತುವವರೆಗೆ ಕಾಯಬೇಕಾದೀತು. ಈಗ ಓಡುತ್ತಿರುವ ಹಳೆಯ ಫರ್ಮ್‌ವೇರ್‌ನ ಕಡತವನ್ನೂ, ಸಾಧನವನ್ನು ಬದುಕಿಸುವ ಸೂಚನೆಗಳನ್ನೂ ಲ್ಯಾಪ್‌ಟಾಪಿನಲ್ಲಿ ಮೊದಲೇ ಇಟ್ಟುಕೊಳ್ಳಬೇಕು. ರೂಟರ್ ಕೆಟ್ಟ ಮೇಲೆ ಅವನ್ನು ಹುಡುಕಲು ಇಂಟರ್ನೆಟ್ ಇರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಮ್ಮ ಊರುಗಳಿಗೆ ವಿಶೇಷ ಎಚ್ಚರ ಬೇಕು. ಮನೆಯಲ್ಲಿ ಇನ್ವರ್ಟರ್ ಇದೆ ಎಂಬ ಧೈರ್ಯ ಪೂರ್ತಿ ಸಾಲದು. ಅನೇಕ ಇನ್ವರ್ಟರ್‌ಗಳಲ್ಲಿ ಎರಡು ಸ್ಥಿತಿಗಳಿರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು ತುಸು ಹೊತ್ತು ಹಿಡಿಯುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ರೂಟರ್ ಮಾತ್ರ ಆರಿ ಹತ್ತುತ್ತದೆ. ಯುಪಿಎಸ್ ಸ್ಥಿತಿಗೆ ಹಾಕಿದರೆ ಆ ಅಂತರ ಬಹಳ ಕಡಿಮೆಯಾಗುತ್ತದೆ. ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಇನ್ನೂ ನಂಬಿಕಸ್ಥ. ಎರಡೂ ಇಲ್ಲದವರು ಗುಡುಗು-ಮಳೆಯ ಸಂಜೆಯನ್ನೂ ಲೋಡ್ ಶೆಡ್ಡಿಂಗ್‌ನ ಹೊತ್ತನ್ನೂ ಬಿಟ್ಟು, ಬೆಳಗಿನ ಬಿಡುವಿನ ವೇಳೆ ಆರಿಸಿಕೊಳ್ಳಬೇಕು. ಮಕ್ಕಳ ಆನ್‌ಲೈನ್ ಪರೀಕ್ಷೆ, ಮನೆಯಿಂದಲೇ ಕೆಲಸ ಮಾಡುವವರ ಮೀಟಿಂಗ್ ಇರುವ ದಿನ ಬೇಡ.

ಕಂಪ್ಯೂಟರನ್ನು ರೂಟರಿಗೆ ಲ್ಯಾನ್ ಕೇಬಲ್‌ನಿಂದಲೇ ಜೋಡಿಸಬೇಕು. ವೈ-ಫೈ ನಡುವೆ ಕಡಿದರೆ ಕಡತ ಅರ್ಧಕ್ಕೇ ನಿಲ್ಲುತ್ತದೆ. ಅಪ್‌ಗ್ರೇಡಿಗೆ ಮೊದಲು ರೂಟರನ್ನು ಒಮ್ಮೆ ರೀಬೂಟ್ ಮಾಡಿದರೆ ರ‍್ಯಾಮ್ ಖಾಲಿಯಾಗುತ್ತದೆ, ಸಾಧನ ಮೊದಲೇ ಕುಂಟುತ್ತಿದ್ದರೆ ಅದೂ ಗೊತ್ತಾಗುತ್ತದೆ. ಆಮೇಲೆ ನಿರ್ವಹಣಾ ಪುಟಕ್ಕೆ ಹೋಗಿ ಕಡತವನ್ನು ಆರಿಸಿ ಆರಂಭಿಸಬೇಕು. ಅಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಪುಟ ಖಾಲಿಯಾಗಿ ನಿಲ್ಲಬಹುದು, ದೀಪಗಳು ಆರಬಹುದು, ಸಾಧನ ಎರಡು ಸಲ ತಾನಾಗಿ ರೀಬೂಟ್ ಆಗಬಹುದು. ನಾಲ್ಕನೆಯ ನಿಮಿಷಕ್ಕೆ ‘ಹ್ಯಾಂಗ್ ಆಗಿದೆ’ ಎಂದು ಪ್ಲಗ್ ಕಿತ್ತರೆ ಕರೆಂಟ್ ಹೋದಷ್ಟೇ ಹಾನಿ. ಕನಿಷ್ಠ ಹತ್ತು-ಹದಿನೈದು ನಿಮಿಷ ಅದರ ತಂಟೆಗೆ ಹೋಗಬಾರದು.

ಸಾಧನ ಎದ್ದ ಮೇಲೆ ಯೂಟ್ಯೂಬ್ ಓಡಿತು ಎಂದಾಕ್ಷಣ ಕೆಲಸ ಮುಗಿಯಲಿಲ್ಲ. ಆವೃತ್ತಿಯ ಸಂಖ್ಯೆ ಬದಲಾಗಿದೆಯೇ, ಫೈರ್‌ವಾಲ್ ನಿಯಮಗಳು ಇದ್ದಲ್ಲೇ ಇವೆಯೇ, ಅತಿಥಿಗಳ ವೈ-ಫೈ ಮನೆಯ ಕಂಪ್ಯೂಟರುಗಳಿಂದ ಇನ್ನೂ ಪ್ರತ್ಯೇಕವಾಗಿದೆಯೇ ಎಂದು ನೋಡಬೇಕು. ಹೊರಗಿನಿಂದ ನಿರ್ವಹಣೆ ಮಾಡುವ ಆಯ್ಕೆ ಮತ್ತು ಒಳಗಿನ ಸಾಧನಗಳು ತಾವೇ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ ಮತ್ತೆ ತೆರೆದುಕೊಂಡಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಮೊಬೈಲ್ ಡೇಟಾ ಬಳಸಿ ಹೊರಗಿನಿಂದ ಮನೆಯ ಸಾರ್ವಜನಿಕ ವಿಳಾಸವನ್ನು ತೆರೆದು ನೋಡುವುದು ಸುಲಭದ ಪರೀಕ್ಷೆ: ಲಾಗಿನ್ ಪುಟ ಕಂಡರೆ ಬಾಗಿಲು ತೆರೆದಿದೆ ಎಂದರ್ಥ.

ಎದ್ದೇಳದಿದ್ದರೆ ಮೊದಲು ಕೈಪಿಡಿ ಹೇಳಿದಷ್ಟು ಹೊತ್ತು ರೀಸೆಟ್ ಬಟನ್ ಒತ್ತಿ ನೋಡುವುದು. ಅದಕ್ಕೂ ಮಿಸುಕದಿದ್ದರೆ ಬೂಟ್‌ಲೋಡರ್‌ನ ನೆರವು ಕೇಳಬೇಕು. ಹಲವು ಸಾಧನಗಳು ಆ ಹಂತದಲ್ಲಿ ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಫರ್ಮ್‌ವೇರ್ ಸ್ವೀಕರಿಸುತ್ತವೆ. ಕೆಲವು ಆರ್ಚರ್ ರೂಟರುಗಳು 192.168.0.66 ವಿಳಾಸದಲ್ಲಿರುವ ಕಂಪ್ಯೂಟರಿನಿಂದ, ನಿಗದಿತ ಹೆಸರಿನ ಕಡತವನ್ನು ತಾವೇ ಕೇಳಿ ಪಡೆಯುತ್ತವೆ. ಲಿಂಕ್‌ಸಿಸ್‌ನ ಕೆಲವು ಮಾದರಿಗಳಲ್ಲಿ ಫರ್ಮ್‌ವೇರ್‌ಗೆ ಎರಡು ಕೋಣೆಗಳಿವೆ. ಹೊಸದು ಒಂದರಲ್ಲಿ ಕೂತಾಗ ಹಳೆಯದು ಇನ್ನೊಂದರಲ್ಲಿ ಕಾದಿರುತ್ತದೆ, ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳಬಹುದು. ಪಿಎಫ್‌ಸೆನ್ಸ್ ಪ್ಲಸ್ ಮತ್ತು ಒಪಿಎನ್‌ಸೆನ್ಸ್‌ಗಳನ್ನು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಲೆ ಸ್ಥಾಪಿಸಿದ್ದರೆ ಅಪ್‌ಗ್ರೇಡಿನ ಹಿಂದಿನ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಟ್ಟು, ಬೂಟ್ ಆಗುವಾಗ ಅದನ್ನೇ ಆರಿಸಿಕೊಳ್ಳಬಹುದು. ಸೆಕೆಂಡುಗಳಲ್ಲಿ ನಿನ್ನೆಯ ಸ್ಥಿತಿಗೆ ಮರಳುವ ಇಂಥ ಅನುಕೂಲ ಮನೆಯ ಅಗ್ಗದ ರೂಟರುಗಳಿಗೂ ಬರಬೇಕಾಗಿದೆ.

ಎಷ್ಟು ಹುಡುಕಿದರೂ ಹೊಸ ಫರ್ಮ್‌ವೇರ್ ಸಿಗದಿದ್ದರೆ ಸಾಧನದ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರುಗಳನ್ನು ಓಪನ್‌ಡಬ್ಲ್ಯುಆರ್‌ಟಿಯೂ 19.07ರ ನಂತರ ಕೈಬಿಟ್ಟಿತು, ಹೊಸ ತಂತ್ರಾಂಶಕ್ಕೆ ಅಲ್ಲಿ ಜಾಗವೇ ಇಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ರೂಟರಿನಂಥ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ನವೀಕರಣ ಸಿಗುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಬೇರೆಡೆ ಕೊಳ್ಳುವವರು ತಯಾರಕರ ತಾಣದಲ್ಲಿ ಆ ಮಾದರಿಯ ಕೊನೆಯ ಫರ್ಮ್‌ವೇರ್ ಯಾವಾಗ ಬಂದಿದೆ ಎಂದು ಕೊಳ್ಳುವ ಮೊದಲೇ ನೋಡಬಹುದು. ಬದಲಿಸಿದ ಹಳೆಯ ಪೆಟ್ಟಿಗೆಯನ್ನು ಇ-ತ್ಯಾಜ್ಯಕ್ಕೆ ಕೊಡುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಮನೆಯ ವೈ-ಫೈ ಪಾಸ್‌ವರ್ಡ್ ಮತ್ತು ಇಂಟರ್ನೆಟ್ ಲಾಗಿನ್ ಅದರೊಳಗೆ ಇನ್ನೂ ಇರುತ್ತವೆ.