ನೀರಿನಲ್ಲಿ ಕರಗಿದ ಹೊನ್ನು

ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದ ಜಾಲಗಾರರ ಸಂಗತಿ ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ದೊರೆಯುತ್ತದೆ. ಅವರ ವಿದ್ಯೆಗೆಲ್ಲ ಹೊನ್ನಿನ ಭಾರವೇ ಆಧಾರ. ಹಗುರವಾದ ಮರಳು ನೀರಿನೊಡನೆ ಹರಿದುಹೋಗುತ್ತಿತ್ತು. ಭಾರವಾದ ಹೊನ್ನು ಮರಿಗೆಯ ತಳದಲ್ಲಿ ಉಳಿಯುತ್ತಿತ್ತು. ಆದರೆ ಹೊನ್ನು ಕಣರೂಪದಲ್ಲಿರದೆ, ಉಪ್ಪಿನಂತೆ ನೀರಿನಲ್ಲಿ ಕರಗಿಯೇ ಹೋಗಿದ್ದರೆ ಮರಿಗೆಯಿಂದ ಏನೂ ಫಲವಿಲ್ಲ. ಅಂಥ ಹೊನ್ನನ್ನು ಮರಳಿ ಹಿಡಿಯುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ.

ಕಡಲಿನ ನೀರಿನಲ್ಲಿಯೂ ಚಿನ್ನವುಂಟು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯ ಮೇಲೆ ಹೊರಿಸಲಾದ ಯುದ್ಧದಂಡವನ್ನು ಈ ಚಿನ್ನದಿಂದ ತೀರಿಸಬಹುದೆಂದು ಪ್ರಸಿದ್ಧ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರರು 1920ರ ದಶಕದಲ್ಲಿ ಹಡಗುಗಳಲ್ಲಿ ಪ್ರಯೋಗಶಾಲೆಯನ್ನೇ ಹೂಡಿದರು. ಟನ್ನು ನೀರಿಗೆ ಕೆಲವು ಮಿಲಿಗ್ರಾಂ ದೊರೆತೀತೆಂಬುದು ಅವರ ಎಣಿಕೆ. ಅಳೆದು ನೋಡಿದಾಗ ಅದರ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಕಂಡಿತು. ಪ್ರಯತ್ನ ಅಲ್ಲಿಗೇ ನಿಂತಿತು. ಅಟ್ಲಾಂಟಿಕ್ ಸಾಗರದ ಸುಮಾರು 10 ಕೋಟಿ ಟನ್ನು ನೀರಿನಲ್ಲಿ ಒಂದು ಗ್ರಾಂ ಚಿನ್ನವಿದೆಯೆಂಬುದು ಈಚಿನ ಅಳತೆ.

ಹೀಗಾಗಿ ಹುಡುಕಬೇಕಾದದ್ದು ಕಡಲಿನಲ್ಲಲ್ಲ. ಗಣಿಯ ದ್ರಾವಣದಲ್ಲಿ, ಚಿನ್ನದ ಮುಲಾಮು ಹಾಕುವ ಕಾರ್ಖಾನೆಯ ತೊಳೆನೀರಿನಲ್ಲಿ, ಹಳೆಯ ಗಣಕಯಂತ್ರ ಮತ್ತು ದೂರವಾಣಿಗಳ ಹಲಗೆಗಳನ್ನು ಕರಗಿಸಿದ ಆಮ್ಲದಲ್ಲಿ. ಒಳ್ಳೆಯ ಅದಿರಿನ ಟನ್ನಿಗೆ ಕೆಲವೇ ಗ್ರಾಂ ಚಿನ್ನ ಸಿಕ್ಕರೆ, ಆ ಹಲಗೆಗಳ ಟನ್ನಿಗೆ ನೂರು ಗ್ರಾಮಿಗೂ ಮಿಕ್ಕಿ ಸಿಗುವುದುಂಟು.

ಗಣಿಗಳಲ್ಲಿ ಅದಿರನ್ನು ಪುಡಿಮಾಡಿ ಸಯನೈಡಿನಲ್ಲಿ ಕರಗಿಸುವ ಪದ್ಧತಿ 1887ರಿಂದ ಬಂದಿದೆ. ಕರಗಿದ ಚಿನ್ನವನ್ನು ತೆಂಗಿನ ಕರಟದ ಇದ್ದಿಲಿನಿಂದ ಹಿಡಿಯುವ ದೊಡ್ಡ ಸ್ಥಾವರ 1973ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ಆರಂಭವಾಯಿತು. ಇಲ್ಲಿ ನಡೆಯುವುದು ಹೀರುವಿಕೆಯಲ್ಲ, ಅಧಿಶೋಷಣೆ. ‘ಅಧಿ’ ಎಂದರೆ ಮೇಲೆ. ಪದಾರ್ಥವು ಒಳಗೆ ಬೆರೆತುಹೋಗದೆ ಮೈಮೇಲೆ ಅಂಟಿಕೊಳ್ಳುತ್ತದೆ. ಎರಡನ್ನೂ ಒಂದೇ ಮಾತಿನಿಂದ ಹೇಳುವ ರೂಢಿ ಸರಿಯಲ್ಲ. ಅಂಟಿಕೊಳ್ಳಲು ಮೈ ವಿಶಾಲವಾಗಿರಬೇಕಷ್ಟೆ. ಚೆನ್ನಾಗಿ ಸಂಸ್ಕರಿಸಿದ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರು, ಎಂದರೆ ಹತ್ತು ಗುಂಟೆ ಹೊಲದಷ್ಟಾಗುತ್ತದೆ!

ಇದ್ದಿಲನ್ನು ನುಣ್ಣಗೆ ಅರೆದಷ್ಟೂ ಅಧಿಶೋಷಣೆ ಬೇಗ ನಡೆಯುತ್ತದೆ. ಆದರೆ ನುಣ್ಣನೆಯ ಪುಡಿ ಜರಡಿಗೆ ಸಿಕ್ಕುವುದಿಲ್ಲ. ಕೆಸರಿನೊಡನೆ ಕೊಚ್ಚಿಹೋಗಿ ಹಿಡಿದ ಚಿನ್ನವನ್ನೂ ಒಯ್ಯುತ್ತದೆ. ಈ ತೊಡಕನ್ನು ಬಿಡಿಸಲು ಬಂದದ್ದೇ ಅಯಸ್ಕಾಂತದ ಉಪಾಯ. ರಂಧ್ರಮಯ ಪುಡಿಯೊಳಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಹುದುಗಿಸುತ್ತಾರೆ. ಕೆಲಸ ಮುಗಿದ ಮೇಲೆ ಪಾತ್ರೆಯ ಹೊರಗೆ ಅಯಸ್ಕಾಂತವನ್ನು ಹಿಡಿದರೆ ಪುಡಿಯೆಲ್ಲ ಗೋಡೆಗೆ ಬಂದು ಸೇರುತ್ತದೆ, ನೀರನ್ನು ಬಸಿದುಬಿಡಬಹುದು. ಕಣಗಳು ಸಾಕಷ್ಟು ಸಣ್ಣವಾಗಿದ್ದರೆ ಅಯಸ್ಕಾಂತವನ್ನು ತೆಗೆದೊಡನೆ ಅವುಗಳ ಸೆಳೆತವೂ ಅಳಿಯುವುದರಿಂದ ಪುಡಿ ಗಂಟುಕಟ್ಟದು. ಮ್ಯಾಗ್ನೆಟೈಟು ಮಾತ್ರ ಪ್ರಬಲ ಆಮ್ಲದಲ್ಲಿ ಕರಗುತ್ತದೆ. ಅದಕ್ಕೆ ಸಿಲಿಕದ ಇಲ್ಲವೆ ಇಂಗಾಲದ ಕವಚ ತೊಡಿಸಬೇಕು. ಕವಚದಲ್ಲಿ ಬಿರುಕುಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಹಲಗೆಗಳ ದ್ರಾವಣದಲ್ಲಿ ಚಿನ್ನಕ್ಕಿಂತ ತಾಮ್ರವೇ ಬಹುಪಾಲು. ಚಿನ್ನವನ್ನೇ ಆರಿಸುವುದೆಂತು? ಪುಡಿಯ ಮೈಗೆ ಸಾರಜನಕವುಳ್ಳ ಅಮೈನು ಗುಂಪುಗಳನ್ನು ಬೆಸೆದರೆ, ಅವು ಆಮ್ಲದಲ್ಲಿ ಧನವಿದ್ಯುದಂಶವನ್ನು ತಾಳುತ್ತವೆ. ಕ್ಲೋರಿನ್ನಿನೊಡನೆ ಕೂಡಿದ ಚಿನ್ನ ಋಣಾಂಶದ್ದಾದುದರಿಂದ ಅತ್ತ ಸೆಳೆಯಲ್ಪಡುತ್ತದೆ; ದುರ್ಬಲ ಆಮ್ಲದಲ್ಲಿ ತಾಮ್ರ ಬಹುಮಟ್ಟಿಗೆ ಧನಾಂಶದ್ದಾಗಿ ದೂರ ಉಳಿಯುತ್ತದೆ. ಗಂಧಕದ ಗುಂಪುಗಳಿಗೂ ಚಿನ್ನದೊಡನೆ ಗಾಢವಾದ ನಂಟು. ಹಿಡಿದ ಚಿನ್ನವನ್ನು ಆಮ್ಲ ಬೆರೆಸಿದ ಥಯೋಯೂರಿಯ ದ್ರಾವಣದಿಂದ ಬಿಡಿಸಿ, ಪುಡಿಯನ್ನು ಮತ್ತೆ ಬಳಸುತ್ತಾರೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ವೆಂಡಿ ಕ್ವೀನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ರಂಧ್ರಮಯ ವಸ್ತುವೊಂದು, ಅಯಸ್ಕಾಂತೀಯವಲ್ಲದಿದ್ದರೂ, ಗ್ರಾಮಿಗೆ 934 ಮಿಲಿಗ್ರಾಂ ಚಿನ್ನವನ್ನು ಹಿಡಿಯಿತು.

ಇದು ಕೇವಲ ಸಿರಿಯ ಮಾತಲ್ಲ. ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಬಡ ಕುಟುಂಬಗಳು ಹಲಗೆಗಳನ್ನು ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆದದ್ದು, ಅದರ ವಿಷ ರಾಮಗಂಗಾ ನದಿಯ ದಡವನ್ನು ಕೆಡಿಸಿದ್ದು ಜನಜನಿತ. ಹೊಸ ಪುಡಿಯಿಂದ ಅವರ ಕೈಗೆ ಹೆಚ್ಚು ಚಿನ್ನ ಬಂದೀತು, ಆಮ್ಲದ ಹೊಗೆ ಮಾತ್ರ ತಪ್ಪದು. ಚಿನ್ನ ತೆಗೆದ ಮೇಲೂ ದ್ರಾವಣದಲ್ಲಿ ತಾಮ್ರ, ಸೀಸ, ತವರಗಳು ಉಳಿದೇ ಇರುತ್ತವೆ. ಸುಣ್ಣ ಹಾಕಿ ಹುಳಿಯನ್ನು ಮುರಿದು, ಆ ಲೋಹಗಳನ್ನು ಗಷ್ಟಾಗಿ ಇಳಿಸಿ ಬೇರ್ಪಡಿಸುವವರೆಗೆ ಅದನ್ನು ಚರಂಡಿಗೆ ಬಿಡುವಂತಿಲ್ಲ.