ನಾಲಿಗೆ ಅಂಟಿದೆಯೆ? ಮೊದಲು ಹಾಲೂಡಿಸುವ ತಾಯಿಯನ್ನು ಕೇಳಿ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮಕ್ಕಳ ಡಾಕ್ಟರ ಬಳಿ ಪಾಳಿ ಹಚ್ಚಿ ಕೂತರೆ ಒಮ್ಮೊಮ್ಮೆ ಈ ಮಾತು ಕಿವಿಗೆ ಬೀಳುತ್ತದೆ. ಟಿಕೋಟಾದಿಂದಲೋ ಬಬಲೇಶ್ವರದಿಂದಲೋ ಮುಂಜಾನೆಯ ಬಸ್ಸಿಗೆ ಬಂದ ಅಜ್ಜಿ ಕೂಸಿನ ಬಾಯಿ ತೆರೆದು ತೋರಿಸುತ್ತಾಳೆ: “ನೋಡ್ರಿ, ನಾಲಿಗಿ ಕೆಳಗ ಅಂಟೇದ. ಮುಂದ ಮಾತ ಬರಂಗಿಲ್ಲ ಅಂತಾರ, ಕತ್ತರಿಸಿಬಿಡ್ರಿ.” ಪಕ್ಕದಲ್ಲಿ ಕೂತ ಬಾಣಂತಿ ಸೊಸೆ ಸುಮ್ಮನಿರುತ್ತಾಳೆ. ಕೇಳಬೇಕಾದದ್ದು ಆಕೆಯನ್ನು.

ನಾಲಿಗೆಯ ಅಡಿಯಲ್ಲಿ ಪೊರೆ ಕಂಡರೆ ಅಂಟು ಎಂಬುದು ಮೊದಲ ತಪ್ಪು. ಕನ್ನಡಿಯ ಮುಂದೆ ನಾಲಿಗೆ ಎತ್ತಿ ನೋಡಿ, ನಿಮಗೂ ಅದು ಇದೆ. ಅದೊಂದು ಬೇರೆ ದಾರವಲ್ಲ. ಬಾಯಿಯ ತಳದ ಪದರವೇ ನಾಲಿಗೆ ಎತ್ತಿದಾಗ ಮಡಿಕೆಯಾಗಿ ಏಳುತ್ತದೆ ಎಂದು 2019ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ವಿವರಿಸಿದರು. ಈ ಮಡಿಕೆ ಬಿಗಿಯಾಗಿ, ನಾಲಿಗೆಯ ಕೆಲಸಕ್ಕೆ ಅಡ್ಡಬಂದಾಗ ಮಾತ್ರ ಅದನ್ನು ಅಂಟು ಎನ್ನಬೇಕು.

ಅಳುವಾಗ ನೋಡಿ. ನಾಲಿಗೆ ಮೇಲೇಳದೆ ತುದಿ ನಡುವೆ ಸೀಳಿದಂತೆ, ವೀಳ್ಯದೆಲೆಯ ಬುಡದಂತೆ ಕಾಣುತ್ತಿದೆಯೇ? ಕೆಳಗಿನ ವಸಡು ದಾಟಿ ಹೊರಬರುತ್ತದೆಯೇ? ಆದರೆ ಹೆಚ್ಚು ಹೇಳುವವಳು ತಾಯಿ. ಕೂಸು ಮೊಲೆ ಹಿಡಿದು ಮತ್ತೆ ಮತ್ತೆ ಬಿಡುತ್ತದೆ, ಕುಡಿಯುವಾಗ ಟಕ್ ಟಕ್ ಸದ್ದು ಬರುತ್ತದೆ, ತಾಸುಗಟ್ಟಲೆ ಕುಡಿದರೂ ಹೊಟ್ಟೆ ತುಂಬದು. ಮೊಲೆತೊಟ್ಟು ಬಾಯಿಂದ ಹೊರಬಂದಾಗ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಬಿರಿದು ರಕ್ತ ಒಸರುವುದೂ ಉಂಟು. “ಮೊದಲ ಬಾಣಂತನ, ನೋವು ಇದ್ದದ್ದೇ” ಎಂದು ಆಕೆಯ ಬಾಯಿ ಮುಚ್ಚಿಸುವುದು ನನಗೆ ಅತಿ ಕಹಿಯೆನಿಸುವ ಸಂಗತಿ. ತಡೆಯಲಾರದ ನೋವು ಸಹಜವಲ್ಲ. ಹುಟ್ಟಿದ ತೂಕ ಎರಡು ವಾರದೊಳಗೆ ಮರಳಿ ಬಂತೇ, ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತದೆಯೇ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಅಂಟಿದ್ದರೆ ಕತ್ತರಿಸಲೇಬೇಕು ಎಂಬುದು ಇನ್ನೊಂದು ನಂಬಿಕೆ. ನಾಲಿಗೆ ಅಂಟಿದಂತೆ ಕಾಣುವ ಕೂಸುಗಳಲ್ಲಿ ಅರ್ಧಕ್ಕಿಂತ ಕಡಿಮೆ ಕೂಸುಗಳಿಗೆ ಮಾತ್ರ ಹಾಲು ಕುಡಿಯುವ ತೊಂದರೆ ಇರುತ್ತದೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೇಳಿತು. ಐದು ಪ್ರಯೋಗಗಳ 302 ಕೂಸುಗಳ ಲೆಕ್ಕ ಹಿಡಿದ 2017ರ ಕೊಕ್ರೇನ್ ವಿಮರ್ಶೆಯೂ ಎಚ್ಚರದಿಂದಲೇ ಮಾತಾಡುತ್ತದೆ: ಕತ್ತರಿಸಿದರೆ ತಾಯಿಯ ನೋವು ಸ್ವಲ್ಪ ದಿನದ ಮಟ್ಟಿಗೆ ಇಳಿಯಿತು, ಕೂಸು ಕುಡಿಯುವುದು ಎಲ್ಲ ಕಡೆ ಸುಧಾರಿಸಲಿಲ್ಲ. ಹಾಗಾಗಿ ಮೊದಲು ಮೊಲೆ ಹಿಡಿಸುವ ರೀತಿ ಸರಿಪಡಿಸಬೇಕು. ಬಲ್ಲ ನರ್ಸ್ ಅರ್ಧ ತಾಸು ಪಕ್ಕದಲ್ಲಿ ಕೂತು ತೋರಿಸಿದರೆ ಅದರಲ್ಲೇ ಎಷ್ಟೋ ತೊಂದರೆ ನೀಗುತ್ತದೆ.

ಅಷ್ಟಾದರೂ ಆಗದಿದ್ದರೆ ಕತ್ತರಿಸಲು ಅಂಜಬೇಕಿಲ್ಲ. ಎಳೆಗೂಸಿಗೆ ಅದು ಕೆಲವೇ ಸೆಕೆಂಡಿನ ಕೆಲಸ. ನಾಲ್ಕು ಹನಿ ರಕ್ತ ಬರುತ್ತದೆ, ಕೂಡಲೇ ಮೊಲೆಗೆ ಹಾಕಬಹುದು. ಹುಟ್ಟಿದಾಗ ವಿಟಮಿನ್ ಕೆ ಸೂಜಿ ಹಾಕಿದ್ದಾರೆಯೇ, ಮನೆತನದಲ್ಲಿ ರಕ್ತ ನಿಲ್ಲದ ರೋಗವಿದೆಯೇ ಎಂಬುದನ್ನು ಮೊದಲೇ ತಿಳಿಸಿ. ಮನೆಯಲ್ಲಿ ಉಗುರಿನಿಂದಾಗಲಿ ಬ್ಲೇಡಿನಿಂದಾಗಲಿ ಮುಟ್ಟಬೇಡಿ. ಆ ಜಾಗದ ಪಕ್ಕದಲ್ಲೇ ರಕ್ತನಾಳಗಳೂ ಜೊಲ್ಲು ಬರುವ ನಾಳಗಳ ಬಾಯಿಯೂ ಇವೆ.

ನಾಲಿಗೆ ಸಡಿಲಾಗಲಿ ಎಂದು ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸುವವರಿದ್ದಾರೆ. ಮಡಿಕೆ ಇದರಿಂದ ಸಡಿಲಾಗದು. ವರ್ಷ ತುಂಬುವ ಮುಂಚೆ ಜೇನು ಕೊಟ್ಟರೆ ಬೊಟುಲಿಸಂ ಎಂಬ, ಮೈಯ ಸ್ನಾಯುಗಳೇ ಸೋಲುವ ಕಾಯಿಲೆಯ ಅಪಾಯವಿದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ: “ನಾಲಿಗಿ ಅಂಟಿದ್ದಕ್ಕ ಮಾತ ಬಂದಿಲ್ಲ.” ಬಿಗಿ ನಾಲಿಗೆಯ ಹುಡುಗನೂ ಮಾತು ಕಲಿಯುತ್ತಾನೆ. ತುದಿ ಮೇಲಕ್ಕೆ ಮಡಚಬೇಕಾದ ಟ, ಡ, ಣ, ಳಗಳಲ್ಲಿ ಕೆಲವೊಮ್ಮೆ ತೊಡಕಾಗಬಹುದು, ಆದರೂ ಹೆಚ್ಚಿನವರು ಬೇರೆ ದಾರಿ ಕಂಡುಕೊಳ್ಳುತ್ತಾರೆ. ಮೂರು ವರ್ಷದ ಕೂಸು ‘ರೊಟ್ಟಿ’ಗೆ ‘ಲೊಟ್ಟಿ’ ಎಂದರೆ ಅದು ವಯಸ್ಸಿನ ಮಾತು. ರಕಾರ ತಡವಾಗಿ ಕೂಡುವ ಅಕ್ಷರ. ಮಾತೇ ಬಾರದಿದ್ದರೆ ಮೊದಲು ನೋಡಬೇಕಾದದ್ದು ಕಿವಿಯನ್ನು.

“ಕಿವಿ ಛಲೋ ಅದಾವ್ರಿ, ಆಟೋ ಹಾರ್ನ್ ಹೊಡದ್ರ ತಿರುಗ್ತಾನ” ಎನ್ನುತ್ತಾರೆ. ಸ್ಟೇಷನ್ ರಸ್ತೆಯ ಹಾರ್ನಿಗೆ ತಿರುಗಿದ್ದು ಸಾಲದು. ಹಾರ್ನಿನಂಥ ಜೋರು ಸದ್ದು ಕೇಳುವ ಕಿವಿಗೆ ಸ, ತ, ಕ ಎಂಬ ಮೆಲುದನಿಗಳು ಕೇಳದಿರಬಹುದು. ಕೇಳದ ಅಕ್ಷರವನ್ನು ಆಡುವುದು ಹೇಗೆ? ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಮದುವೆಗಳು ಹೆಚ್ಚು. ಅಂಥ ರಕ್ತಸಂಬಂಧದ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆಯೂ ಹೆಚ್ಚು. ತಿಂಗಳೊಳಗೆ ಕಿವಿಯ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಕೂಸು ಮಾತು ಕಲಿಯುವುದು ಬಹಳ ಸುಲಭ. ನಾಲಿಗೆಯ ಮಾತಾಡುತ್ತಾ ಆ ತಿಂಗಳುಗಳೇ ಕೈಜಾರುತ್ತವೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ “ಎರಡು ವರ್ಷ ಆತ್ರಿ, ಎರಡು ಶಬ್ದ ಕೂಡಿಸಿ ಮಾತಾಡಂಗಿಲ್ಲ, ಕಿವಿ ನೋಡ್ರಿ” ಎಂದು ಕೇಳಿ, ಅವರು ಬರೆದುಕೊಟ್ಟ ಚೀಟಿ ಹಿಡಿದು ಅದೇ ವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ.