ತಿಂಗಳು ತುಂಬದ ಕೂಸಿನ ಕಣ್ಣು: ಮೂವತ್ತು ದಿನದೊಳಗೆ ತೋರಿಸಿ

ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಮನೆಯೊಂದರಲ್ಲಿ ಏಳು ತಿಂಗಳಿಗೇ ಹೆರಿಗೆಯಾಯಿತೆನ್ನಿ. ಒಂದೂಕಾಲು ಕಿಲೋ ತೂಕದ ಕೂಸನ್ನು ಬಳ್ಳಾರಿಗೋ ದಾವಣಗೆರೆಗೋ ಒಯ್ದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮ್ಲಜನಕ ಕೊಟ್ಟು ಉಳಿಸಿಕೊಂಡದ್ದಾಯಿತು. ಮೂರು ವಾರಕ್ಕೆ ತಾಯಿ, ಮಗು ತವರಿಗೆ ಬರುತ್ತಾರೆ. ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಈ ಹೊತ್ತಿನಲ್ಲೇ ಕೂಸಿನ ಕಣ್ಣೊಳಗೆ ಒಂದು ರೋಗ ಬೆಳೆಯುತ್ತಿರಬಹುದು. ಅದರ ಹೆಸರು ‘ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ’, ಚಿಕ್ಕದಾಗಿ ಆರ್.ಒ.ಪಿ.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ರಕ್ತನಾಳಗಳು ಗರ್ಭದ ನಾಲ್ಕನೇ ತಿಂಗಳಿನಿಂದ ಬೆಳೆಯತೊಡಗಿ, ದಿನ ತುಂಬುವ ವೇಳೆಗೆ ಅದರ ಅಂಚು ಮುಟ್ಟುತ್ತವೆ. ಮಗು ಮೊದಲೇ ಹುಟ್ಟಿದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಹುಟ್ಟುವ ಹೊಸ ನಾಳಗಳು ಕೆಲವು ಮಕ್ಕಳಲ್ಲಿ ಅಡ್ಡಾದಿಡ್ಡಿ ಬೆಳೆದು, ಗಾಯದ ಕಲೆಯಂತೆ ಬಿಗಿದು, ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಮಿತಿಮೀರಿದ ಆಮ್ಲಜನಕದಿಂದ ಈ ರೋಗ ಹೆಚ್ಚುತ್ತದೆಂಬುದು 1950ರ ದಶಕದಲ್ಲೇ ತಿಳಿಯಿತು. ಹಾಗೆಂದು ಆಮ್ಲಜನಕವನ್ನು ದೂರುವಂತಿಲ್ಲ. ಅದಿಲ್ಲದೆ ಎಷ್ಟೋ ಕೂಸುಗಳು ಬದುಕುವುದೇ ಇಲ್ಲ. ಅಳೆದು ಕೊಡಬೇಕು, ಅಷ್ಟೆ.

ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಕೆಂಪಿಲ್ಲ, ನೀರಿಲ್ಲ, ಪಿಸುರಿಲ್ಲ. ಪಾಪೆ ಬೆಳ್ಳಗೆ ಕಂಡು ಓಡಿಬರುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮೀರಿರುತ್ತದೆ. ಆಗ ಮಾಡುವ ಶಸ್ತ್ರಚಿಕಿತ್ಸೆಯಿಂದ ಸಿಗುವ ದೃಷ್ಟಿ ಅತ್ಯಲ್ಪ.

ಆದ್ದರಿಂದ 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಪ್ರತಿ ಮಗುವಿನ ಕಣ್ಣನ್ನೂ 30 ದಿನದೊಳಗೆ ಪರೀಕ್ಷಿಸಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕವಿದ್ದರೆ ಎರಡು-ಮೂರು ವಾರಕ್ಕೇ. ತೊಡಕಿರುವುದು ಇಲ್ಲೇ. ಈ ದಿನಗಳು ಬಾಣಂತನದ ನಡುವೆಯೇ ಬರುತ್ತವೆ. ‘ಹಸಿ ಬಾಣಂತಿ ಹೊಸಿಲು ದಾಟಬಾರದು, ಕೂಸಿಗೆ ಗಾಳಿ ಸೋಕಬಾರದು’ ಎನ್ನುವ ಅಜ್ಜಿಯರ ಕಾಳಜಿ ನಿಜವಾದದ್ದೇ. ಆದರೆ ಈ ರೋಗ ನಲವತ್ತು ದಿನ ಕಾಯುವುದಿಲ್ಲ. ಕೂಸನ್ನು ಬೆಚ್ಚಗೆ ಸುತ್ತಿಕೊಂಡು ಹೊರಡಿ. ತಾಯಿಗೆ ಆಗದಿದ್ದರೆ ಬೇರೆಯವರಾದರೂ ಒಯ್ಯಲಿ.

ಪರೀಕ್ಷೆಗೆ ಮುನ್ನ ಪಾಪೆ ಅರಳುವ ಹನಿ ಹಾಕುತ್ತಾರೆ. ಮಗು ಅಳುತ್ತದೆ, ಗಾಬರಿ ಬೇಡ. ವಾಂತಿಯಾಗದಂತೆ, ಪರೀಕ್ಷೆಗೆ ತೀರ ಮುಂಚೆ ಹಾಲು ಕುಡಿಸಬೇಡಿ.

ಅಕ್ಷಿಪಟಲದ ತಜ್ಞರು ಪ್ರತಿ ಊರಲ್ಲೂ ಇರುವುದಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದಾರಿ ಹುಡುಕಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕಣ್ಣೊಳಗಿನ ಚಿತ್ರ ತೆಗೆಯುತ್ತಾರೆ. ಅದನ್ನು ದೂರದಲ್ಲಿರುವ ತಜ್ಞರು ಇಂಟರ್ನೆಟ್ ಮೂಲಕ ನೋಡಿ ತೀರ್ಮಾನ ಹೇಳುತ್ತಾರೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ರೋಗ ಸೇರಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ರೋಗ ಕಂಡ ಮಕ್ಕಳಿಗೆಲ್ಲ ಚಿಕಿತ್ಸೆ ಬೇಕಿಲ್ಲ. ಬಹಳಷ್ಟು ಸಲ ತಾನೇ ಇಳಿಯುತ್ತದೆ. ತೀವ್ರವಾದರೆ ಮಾತ್ರ ಎರಡು-ಮೂರು ದಿನದೊಳಗೆ ಲೇಸರ್ ಮಾಡಬೇಕು, ಇಲ್ಲವೇ ಕಣ್ಣಿಗೆ ಇಂಜೆಕ್ಷನ್ ಕೊಡಬೇಕು. ‘ಜಾತ್ರೆ ಮುಗಿಸಿ ಬರುತ್ತೇವೆ’ ಎನ್ನುವ ಮಾತಲ್ಲ ಇದು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನಾಳಗಳು ಪೂರ್ತಿ ಬೆಳೆಯುವವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ತೋರಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಮುಂದಿನ ಕಣ್ಣು ಪರೀಕ್ಷೆಯ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.